ಗೇಮಿನಲ್ಲಿ ಒತ್ತಕ್ಷರ ಒಡೆಯುತ್ತಿತ್ತು, ಹೀಗೆ ಸರಿಯಾಯಿತು

ಫೈನಲ್ ಇಯರ್ ಪ್ರಾಜೆಕ್ಟಿಗೆ ನಮ್ಮ ತಂಡ ಒಂದು ಶಾಲೆಗೆ ಮಗ್ಗಿ ಕಲಿಸುವ ಗೇಮ್ ಮಾಡುತ್ತಿತ್ತು. ಗೇಮ್ ಮಾಡುವ ಸಾಫ್ಟ್‌ವೇರ್ ಗೊಡೊ 3ರಲ್ಲಿ ‘ಮಗ್ಗಿ’ ಅಂತ ಬರೆದರೆ ಪರದೆ ಮೇಲೆ ‘ಮಗ್ ಗಿ’ ಅಂತ ಬಿಡಿಬಿಡಿಯಾಗಿ ಕಾಣುತ್ತಿತ್ತು. ಟೀಚರ್ ನೋಡಿ, “ಮಕ್ಕಳು ಈಗಷ್ಟೇ ಒತ್ತಕ್ಷರ ಕಲಿತಿದ್ದಾರೆ, ಇದನ್ನ ತೋರಿಸೋದು ಬೇಡಪ್ಪ” ಅಂದರು. ಅವರ ಮಾತು ಸರಿಯೇ ಅಲ್ವಾ?

ಅಕ್ಷರದ ಬದಲು ಚಿತ್ರ ಹಾಕೋಣ ಅಂತ ಕೆಲವರು ಹೇಳಿದರು. ಆದರೆ ಟೀಚರ್ ಪ್ರಶ್ನೆ ಬದಲಿಸಿದಾಗಲೆಲ್ಲ ಹೊಸ ಚಿತ್ರ ಮಾಡೋರು ಯಾರು?

ಗೊಡೊ 3ಕ್ಕೆ ಒತ್ತು ಕೂಡಿಸಲು ಬರುವುದಿಲ್ಲ. 2023ರಲ್ಲಿ ಬಂದ ಗೊಡೊ 4ರಲ್ಲಿ ಅಕ್ಷರ ಕೂಡಿಸುವ ಹಾರ್ಫ್‌ಬಜ್ ಅನ್ನೋ ಸಾಫ್ಟ್‌ವೇರ್ ಇದೆ, ಅದು ಎಲ್ಲವನ್ನೂ ಸರಿಯಾಗಿ ಜೋಡಿಸುತ್ತದೆ. ಅದಕ್ಕೇ ಗೊಡೊ 4ಕ್ಕೆ ಬದಲಿಸಿದೆವು. ನೀವೂ ಹೀಗೆ ಮಾಡುವುದಾದರೆ ನೋಟೊ ಸಾನ್ಸ್ ಕನ್ನಡ ಫಾಂಟನ್ನು ಪ್ರಾಜೆಕ್ಟಿನೊಳಗೇ ಸೇರಿಸಿ. ಬ್ರೌಸರಿನಲ್ಲಿ ಆಡುವಾಗ ಕಂಪ್ಯೂಟರಿನ ಫಾಂಟ್ ಗೇಮಿಗೆ ಸಿಗುವುದಿಲ್ಲ.