ಚಿತ್ರ ತುಂಡು ತುಂಡಾಗಿ, ಧ್ವನಿ ಒಂದೇ ಎಳೆಯಲ್ಲಿ: ಯಕ್ಷಗಾನ ಆಟದ ವಿಡಿಯೊ ರೆಂಡರಿಗೆ ನನ್ನ ಕ್ರಮ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಯಕ್ಷಗಾನ ಆಟ ಶೂಟ್ ಮಾಡುವವರಿಗೆಲ್ಲ ಈ ಸಂಕಟ ಗೊತ್ತು. ಮೂರೂವರೆ ಗಂಟೆಯ ಕಾಲಮಿತಿ ಆಟವನ್ನು ರಾತ್ರಿ ರೆಂಡರಿಗೆ, ಅಂದರೆ ಎಡಿಟ್ ಮಾಡಿದ್ದನ್ನು ಒಂದು ಫೈಲಾಗಿ ತೆಗೆಯಲು, ಹಾಕಿ ಮಲಗುವುದು. ಬೆಳಗ್ಗೆ ನೋಡಿದರೆ ಕರೆಂಟು ಹೋಗಿ ಕಂಪ್ಯೂಟರ್ ಆಫ್. ಅರ್ಧಕ್ಕೆ ನಿಂತ ಎಂಪಿ4 ಫೈಲು ಯಾವ ಪ್ಲೇಯರಿನಲ್ಲೂ ತೆರೆಯುವುದಿಲ್ಲ. ಪತ್ತನಾಜೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಹತ್ತಿರ ಬಂತೆಂದರೆ ಆಟವೂ ಜಾಸ್ತಿ, ಗುಡುಗೂ ಜಾಸ್ತಿ. ಯುಪಿಎಸ್‌ಗೆ ಐದಾರು ಸಾವಿರ ಸುರಿದೆ. ಅದು ಇಪ್ಪತ್ತು ನಿಮಿಷ ತಡೆಯುತ್ತದೆ, ನನ್ನ ಹಳೆಯ ಮಿಷನ್ನಿಗೆ ಬೇಕಾದದ್ದು ಏಳೆಂಟು ಗಂಟೆ.

ಹಾಗಾಗಿ ಟೈಮ್‌ಲೈನನ್ನು ಅರ್ಧರ್ಧ ಗಂಟೆಯ ತುಂಡು ಮಾಡಿ ರೆಂಡರ್ ಮಾಡಿ, ಕೊನೆಗೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ಮರು ಎನ್‌ಕೋಡ್ ಇಲ್ಲದೆ, ಅಂದರೆ ಇನ್ನೊಮ್ಮೆ ಕುಗ್ಗಿಸದೆ, ಜೋಡಿಸಲು ಹೊರಟೆ. ‘ಜೋಡಿಸಿದ ಕಡೆಯಲ್ಲೆಲ್ಲ ಲಿಪ್ ಸಿಂಕ್ ಹೋಗ್ತದೆ ಮಾರಾಯ, ಆಗುವ ಕೆಲಸ ಅಲ್ಲ’ ಎಂದರು ಕುಂಬಳೆಯ ಸ್ನೇಹಿತರು. ಮೊದಮೊದಲು ಅವರು ಹೇಳಿದಂತೆಯೇ ಆಯಿತು. ಪ್ರತಿ ಜೋಡಣೆಯಲ್ಲೂ ಟಪ್ ಎಂಬ ಸಣ್ಣ ಸದ್ದು. ಕೊನೆಯ ತುಂಡಿಗೆ ಬರುವಾಗ ಚೆಂಡೆಗೆ ಕೋಲು ಬಿದ್ದು ಆಮೇಲೆ ಸದ್ದು ಕೇಳುತ್ತಿತ್ತು.

ತಪ್ಪು ಚಿತ್ರದ್ದಲ್ಲ, ಎಎಸಿಯದು, ಅಂದರೆ ಎಂಪಿ4ರೊಳಗೆ ಧ್ವನಿಯನ್ನು ಕುಗ್ಗಿಸಿಡುವ ವಿಧಾನದ್ದು. 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮಿಗೆ 48 ಕಿಲೊಹರ್ಟ್ಸ್ ಧ್ವನಿಯ 1920 ಸ್ಯಾಂಪಲ್ (ಧ್ವನಿಯ ಅಳತೆಯ ಬಿಂದು). ಎಎಸಿ ಮಾತ್ರ 1024ರ ಕಟ್ಟುಗಳಲ್ಲಿ ಹೋಗುತ್ತದೆ. ಲೆಕ್ಕ ಕೂಡದಾಗ ಬಾಲದಲ್ಲಿ ಮೌನ ತುಂಬುತ್ತದೆ, ತಲೆಯಲ್ಲೂ ಸ್ವಲ್ಪ ಸೇರುತ್ತದೆ. ತುಂಡು ಹೆಚ್ಚಾದಷ್ಟೂ ಆ ಮೌನ ಬೆಳೆದು ಧ್ವನಿ ಹಿಂದೆ ಬೀಳುತ್ತದೆ.

ಈಗ ಚಿತ್ರವನ್ನು ಮಾತ್ರ ತುಂಡು ಮಾಡುತ್ತೇನೆ, ಧ್ವನಿ ಇಲ್ಲದೆ, ಎಲ್ಲಕ್ಕೂ ಒಂದೇ ಸೆಟ್ಟಿಂಗ್. ಕರೆಂಟು ಹೋದರೆ ಹೋದದ್ದು ಒಂದೇ ತುಂಡು. ಮಿಕ್ಸ್ ಮಾಡಿದ ಧ್ವನಿಯನ್ನು ಇಡಿಯಾಗಿ 48 ಕಿಲೊಹರ್ಟ್ಸ್, 24 ಬಿಟ್ ಸ್ಟೀರಿಯೊ ವೇವ್ ಆಗಿ, ಅಂದರೆ ಕುಗ್ಗಿಸದ ಧ್ವನಿ ಫೈಲಾಗಿ ತೆಗೆಯುತ್ತೇನೆ. ಅದಕ್ಕೆ ಹತ್ತು ನಿಮಿಷವೂ ಬೇಡ. ಚಿತ್ರ ಜೋಡಿಸಿದ ಮೇಲೆ ಆ ವೇವನ್ನು ಒಮ್ಮೆಲೇ 320 ಕೆಬಿಪಿಎಸ್ ಎಎಸಿ ಮಾಡಿ ಸೇರಿಸಿದರೆ ಮುಗಿಯಿತು. ಸಾಮಾನ್ಯ ವೇವ್ ಫೈಲಿಗೆ 4 ಜಿಬಿ ಮಿತಿ ಇದೆ, ಅಂದರೆ ಈ ಲೆಕ್ಕದಲ್ಲಿ ನಾಲ್ಕು ಗಂಟೆ ಚಿಲ್ಲರೆ. ಇಡೀ ರಾತ್ರಿಯ ಆಟವಾದರೆ ಎರಡು ಭಾಗ ಮಾಡಿಯೇ ಕೊಡುತ್ತೇನೆ.

ದೊಡ್ಡ ಲಾಭ ಬೇರೆಯೇ. ‘ಅರ್ಥ (ವೇಷಧಾರಿಗಳ ಮಾತು) ಕೇಳುವುದಿಲ್ಲ, ಚೆಂಡೆ ಮಾತ್ರ ಕೇಳ್ತದೆ’ ಎಂದು ಆಟ ಆಡಿಸಿದ ಸೇವಾಕರ್ತರ ಮನೆಯಿಂದ ಫೋನ್ ಬಂದರೆ ಮೊದಲು ಇನ್ನೊಂದು ರಾತ್ರಿ ಹಾಳು. ಈಗ ಮಿಕ್ಸ್ ತಿದ್ದಿ, ಹೊಸ ವೇವ್ ಸೇರಿಸಿದರೆ ಚಹಾ ಕುಡಿಯುವಷ್ಟರಲ್ಲಿ ಫೈಲು ತಯಾರು. ಚಿತ್ರ ಮುಟ್ಟುವುದೇ ಇಲ್ಲ.

ಧ್ವನಿಯನ್ನು ಬೇರೆಯೇ ಹಿಡಿಯುವ ರೆಕಾರ್ಡರಿನ ಗಡಿಯಾರಕ್ಕೂ ಕ್ಯಾಮೆರಾದ ಗಡಿಯಾರಕ್ಕೂ ಕೂಡಿಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ನನ್ನ ಜೋಡಿಯಲ್ಲಿ ಮೂರು ಗಂಟೆಗೆ ಏಳೆಂಟು ಫ್ರೇಮ್ ವ್ಯತ್ಯಾಸ. ಅದನ್ನು ಸರಿದೂಗಿಸಲು ಧ್ವನಿಯನ್ನು ಎಷ್ಟು ಎಳೆಯಬೇಕು ಎಂಬ ಸಂಖ್ಯೆ ನನ್ನ ಡೈರಿಯಲ್ಲಿದೆ; ನಿಮ್ಮದನ್ನು ನೀವೇ ಅಳೆಯಿರಿ. ಚೆಂಡೆಯ ಏಟನ್ನು ಕೊಲ್ಲದೆ ಅರ್ಥವನ್ನು ಮೇಲೆತ್ತುವ ಉಪಾಯವನ್ನೂ ಸದ್ಯಕ್ಕೆ ಹೇಳುವುದಿಲ್ಲ, ಅದರಿಂದಲೇ ನನಗೆ ಕೆಲಸ ಬರುವುದು. ಯೂಟ್ಯೂಬಿಗಾದರೆ ಮೈನಸ್ 14 ಲಫ್ಸ್ (ಒಟ್ಟು ಜೋರಿನ ಅಳತೆ) ಆಸುಪಾಸು ಇಡಿ, ಪೀಕು ಅಂದರೆ ಅತಿ ಜೋರಿನ ಏಟು ಮೈನಸ್ ಒಂದು ಡೆಸಿಬೆಲ್ ದಾಟಬಾರದು. ಜೋರು ಮಾಡಿ ಹಾಕಿದರೆ ಅವರೇ ಇಳಿಸುತ್ತಾರೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಒಂದೇ ಫೈಲಿನಲ್ಲಿ ಎರಡು ಧ್ವನಿ: ಒಂದು ಪೂರ್ತಿ ಮಿಕ್ಸ್, ಇನ್ನೊಂದು ಭಾಗವತರಿಲ್ಲದ ಚೆಂಡೆ-ಮದ್ದಳೆ, ಪದ ಕಲಿಯುವ ಮಕ್ಕಳು ಮನೆಯಲ್ಲಿ ಹಾಡಿಕೊಳ್ಳಲಿ ಅಂತ. ಮದ್ದಳೆಯ ಮೈಕಿನಲ್ಲೂ ಭಾಗವತರ ಸ್ವರ ನುಗ್ಗಿ ಬಂದಿತ್ತು, ಹಾಗಾಗಿ ಅರ್ಧ ಯಶಸ್ಸು. ಕೆಲವು ಟಿವಿಗಳಲ್ಲಿ ಎರಡನೆಯದು ಬರಲೇ ಇಲ್ಲ.

ಟಿವಿಗೆ ಪೆನ್‌ಡ್ರೈವ್ ಕೊಡುವವರು ಅದರ ಫಾರ್ಮ್ಯಾಟ್ ಫ್ಯಾಟ್32 ಆದರೆ ಅಲ್ಲಿಯೂ ಒಂದು ಫೈಲಿಗೆ 4 ಜಿಬಿಯೇ ಮಿತಿ ಎಂಬುದು ನೆನಪಿಡಿ. ಚಿತ್ರ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಇದ್ದರೆ ಧ್ವನಿಯೂ ಸೇರಿ ಹೆಚ್ಚೆಂದರೆ ಒಂದು ಗಂಟೆ ಎಂಟು ನಿಮಿಷ. ಗಲ್ಫಿನಿಂದ ರಜೆಗೆ ಬಂದವರು ನನ್ನ ಹತ್ತಿರ ಪೆನ್‌ಡ್ರೈವೇ ಕೇಳುವುದು, ಅದಕ್ಕೆ ಬೇರೆ ಐನೂರು ತೆಗೆದುಕೊಳ್ಳುತ್ತೇನೆ. ‘ಆಗುವ ಕೆಲಸ ಅಲ್ಲ’ ಎಂದವರೇ ಈಗ ತಮ್ಮ ಫೈಲುಗಳನ್ನು ಜೋಡಿಸಲು ನನ್ನಲ್ಲಿಗೆ ಕಳಿಸುತ್ತಾರೆ, ಆಟವೊಂದಕ್ಕೆ ಎಂಟುನೂರು.