ಹಳೆಯ ಗಾಥಿಕ್ ಪ್ರೇಮ-ಭಯದ ಕಾಮಿಕ್ಸ್: ಎಲ್ಲಿಂದ ಶುರು ಮಾಡಬೇಕು, ಹೇಗೆ ಓದಬೇಕು

ಗಾಥಿಕ್ ಅಂದರೆ ಹಳೆಯ ದೊಡ್ಡ ಮನೆ, ಗುಟ್ಟು, ಭಯ ತುಂಬಿದ ಕಥೆ. ಬರೀ ದೆವ್ವದ ಕಾಮಿಕ್ಸ್ ಅಂದುಕೊಂಡು ಈ ಕಾಮಿಕ್ಸ್ ಕೈಗೆತ್ತಿಕೊಂಡರೆ ಸಪ್ಪೆ ಅನ್ನಿಸಬಹುದು. ಇಲ್ಲಿ ರಕ್ತ ಕಡಿಮೆ, ಅನುಮಾನ ಜಾಸ್ತಿ. ಒಬ್ಬ ಹುಡುಗಿ ಗೊತ್ತಿಲ್ಲದ ದೊಡ್ಡ ಮನೆಗೆ ಬರುತ್ತಾಳೆ, ಮದುವೆಯಾಗಿಯೋ ಕೆಲಸಕ್ಕೋ, ಆ ಮನೆಯ ಗಂಡಸನ್ನು ಪ್ರೀತಿಸುತ್ತಾಳೆ, ಆದರೆ ಅವನನ್ನು ನಂಬಬಹುದಾ ಅಂತ ಕೊನೇ ಪುಟದವರೆಗೂ ಗೊತ್ತಾಗುವುದಿಲ್ಲ. ಗಂಡನ ಮನೆಗೆ ಮೊದಲ ಸಲ ಕಾಲಿಟ್ಟವರಿಗೆ ಈ ಭಯ ಏನೂ ಹೊಸದಲ್ಲ, ಅಲ್ವಾ? ನನಗೆ ಇವು ಇಷ್ಟವಾಗುವುದೇ ಅದಕ್ಕೆ.

ಅಮೆರಿಕದ ಪ್ರಕಾಶನ ಕಂಪನಿ ಡಿಸಿ ಕಾಮಿಕ್ಸ್ 1971ರಲ್ಲಿ ತಂದ ಎರಡು ಸರಣಿಗಳಿಂದ ಶುರು ಮಾಡಿ: ‘ದ ಡಾರ್ಕ್ ಮ್ಯಾನ್ಷನ್ ಆಫ್ ಫರ್ಬಿಡನ್ ಲವ್’ ಮತ್ತು ‘ದ ಸಿನಿಸ್ಟರ್ ಹೌಸ್ ಆಫ್ ಸೀಕ್ರೆಟ್ ಲವ್’. ಆಗ ಅಮೆರಿಕದಲ್ಲಿ ಗಾಥಿಕ್ ಕಾದಂಬರಿಗಳು ಜೋರಾಗಿ ಮಾರಾಟವಾಗುತ್ತಿದ್ದವು, ಮುಖಪುಟದಲ್ಲಿ ಗೌನು ತೊಟ್ಟು ಓಡುವ ಹುಡುಗಿ, ಹಿಂದೆ ಕತ್ತಲ ಬಂಗಲೆ, ಒಂದೇ ಒಂದು ಕಿಟಕಿಯಲ್ಲಿ ದೀಪ. ಆ ಓದುಗರನ್ನು ಸೆಳೆಯುವುದಕ್ಕೇ ಈ ಸರಣಿಗಳು ಬಂದವು. ಎರಡರಲ್ಲೂ ಮೊದಲ 4 ಸಂಚಿಕೆ ಮಾತ್ರ ಹುಡುಕಿ. ಅವು 25 ಸೆಂಟಿನ ದಪ್ಪ ಸಂಚಿಕೆಗಳು, ಉದ್ದನೆಯ ಕಥೆಗೆ ಜಾಗ ಇತ್ತು, ಅನುಮಾನ ನಿಧಾನಕ್ಕೆ ಬೆಳೆಯುತ್ತಿತ್ತು. 1972ರಲ್ಲಿ 5ನೇ ಸಂಚಿಕೆಯಿಂದ ಹೆಸರೂ ಬದಲಾಯಿತು, ಒಳಗೆ ಚಿಕ್ಕ ಚಿಕ್ಕ ಭಯದ ಕಥೆಗಳು ತುಂಬಿಕೊಂಡವು, ಪ್ರೇಮ ಹಿಂದೆ ಸರಿಯಿತು. ಅವೂ ಚೆನ್ನಾಗಿವೆ, ಆದರೆ ಅದು ಬೇರೆ ರುಚಿ.

ಒಂದೇ ಒಂದು ಓದುವುದಾದರೆ ‘ಸಿನಿಸ್ಟರ್ ಹೌಸ್’ 3ನೇ ಸಂಚಿಕೆ ಓದಿ. ಅದರಲ್ಲಿರುವುದು ಅಲೆಕ್ಸ್ ಟಾತ್ ಚಿತ್ರ ಬರೆದ ‘ಬ್ರೈಡ್ ಆಫ್ ದ ಫಾಲ್ಕನ್’. ಮೊದಲ ಸಲ ಕಥೆಗೋಸ್ಕರ ಓದಿ ಮುಗಿಸಿ. ಎರಡನೇ ಸಲ ಮಾತುಗಳನ್ನು ಬಿಟ್ಟು ಬರೀ ಕಪ್ಪು ಬಣ್ಣ ಎಲ್ಲೆಲ್ಲಿದೆ ನೋಡುತ್ತಾ ಹೋಗಿ: ಯಾರ ಮುಖ ಅರ್ಧ ನೆರಳಲ್ಲಿದೆ, ಹುಡುಗಿ ಬಾಗಿಲಿಂದ ಎಷ್ಟು ದೂರ ನಿಂತಿದ್ದಾಳೆ, ಮನೆ ಅವಳಿಗಿಂತ ಎಷ್ಟು ದೊಡ್ಡದಾಗಿ ಕಾಣುತ್ತದೆ. ಹೀಗೆ ನೋಡಿದರೆ ಭಯ ಎಲ್ಲಿಂದ ಹುಟ್ಟುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಅದೇ ಸರಣಿಯ 2ನೇ ಸಂಚಿಕೆಯಲ್ಲಿ ಫಿಲಿಪ್ಪೀನ್ಸ್‌ನ ಚಿತ್ರಕಾರ ಟೋನಿ ಡಿಜುನಿಗಾ ಕೆಲಸ ಇದೆ, ಅದನ್ನೂ ಬಿಡಬೇಡಿ.

ಇನ್ನೊಂದು ಮಾತು. ಈ ಕಥೆಗಳಲ್ಲಿ ಸಾಮಾನ್ಯವಾಗಿ ಇಬ್ಬರು ಗಂಡಸರಿರುತ್ತಾರೆ, ಒಬ್ಬ ಸಿಡುಕ, ಇನ್ನೊಬ್ಬ ಸಿಹಿ ಮಾತಿನವನು. ಸಿಹಿ ಮಾತಿನವನ ಮೇಲೆ ಒಂದು ಕಣ್ಣಿಟ್ಟಿರಿ.

ಇದೇ ಬಗೆಯ ಇನ್ನೊಂದು ಸರಣಿ, ಅಮೆರಿಕದ್ದೇ ಆದ ಚಾರ್ಲ್ಟನ್ ಕಂಪನಿಯ ‘ಹಾಂಟೆಡ್ ಲವ್’, 1973ರಿಂದ 1975ರವರೆಗೆ 11 ಸಂಚಿಕೆ ಬಂತು. ಮುದ್ರಣ ಒರಟು, ಕಥೆಗಳು ಚಿಕ್ಕವು, ಕೆಲವು ಸುಮ್ನೆ ಓದಿ ಮರೆಯುವಂಥವು. ಡಿಸಿಯ ಎಂಟೂ ಮುಗಿದ ಮೇಲೆ ನೋಡಿ.

ಕೊಳ್ಳುವವರು ಹೊಸದರಂತೆ ಹೊಳೆಯುವ ಪ್ರತಿಗೆ ದುಡ್ಡು ಸುರಿಯಬೇಡಿ. ಮಡಿಕೆ ಬಿದ್ದ, ಅಂಚು ಸವೆದ ಪ್ರತಿ ಓದುವುದಕ್ಕೆ ಸಾಕು. ಆದರೆ ಪುಟ ಪೂರ್ತಿ ಇದೆಯಾ ಅಂತ ಮಾರುವವರನ್ನು ಕೇಳಿ, ಪಿನ್ ತುಕ್ಕು ಹಿಡಿದಿದೆಯಾ ಅಂತ ಫೋಟೋ ತರಿಸಿಕೊಳ್ಳಿ. ಇದು ನ್ಯೂಸ್‌ಪ್ರಿಂಟ್ ಕಾಗದ, ಬಿಸಿಲಿಗೆ ಹಳದಿಯಾಗುತ್ತದೆ, ಮಳೆಗಾಲದ ತೇವ ತಡೆಯುವುದಿಲ್ಲ. ಹಿಂದೆ ಒಂದು ರಟ್ಟು ಇಟ್ಟು ಪ್ಲಾಸ್ಟಿಕ್ ಕವರಿಗೆ ಹಾಕಿ, ಗೋಡೆಗೆ ತಾಗದ ಹಾಗೆ ಕಪಾಟಿನಲ್ಲಿಡಿ. ಲ್ಯಾಮಿನೇಷನ್ ಮಾತ್ರ ಖಂಡಿತ ಬೇಡ.