ಶೋಕೇಸಿನ ಚನ್ನಪಟ್ಟಣ ಗೊಂಬೆಗಳು ಅಂಟಂಟಾಗದಿರಲು

ಚನ್ನಪಟ್ಟಣದ ಗೊಂಬೆಗೆ ಇರುವುದು ಪೇಂಟ್ ಅಲ್ಲ, ಅರಗು. ಹಾಲೆಮರದ ತುಂಡು ಲೇತಿನಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅದು ಕರಗಿ ಮರಕ್ಕೆ ಹತ್ತುತ್ತದೆ. ಬಿಸಿಗೆ ಹತ್ತಿದ್ದು ಬಿಸಿಗೇ ಮೆತ್ತಗಾಗುತ್ತದೆ. ಆದ್ದರಿಂದ ಸೆಟ್‌ಟಾಪ್ ಬಾಕ್ಸ್ ಮೇಲೆ, ಬಲ್ಬಿನ ಪಕ್ಕ, ಪಶ್ಚಿಮದ ಕಿಟಕಿಯಲ್ಲಿ ಖಂಡಿತ ಇಡಬೇಡಿ. ಬಿಸಿಲಿಗೆ ಅರಿಶಿನದಂಥ ಸಸ್ಯಬಣ್ಣ ಬೇಗ ಮಾಸುತ್ತದೆ ಕೂಡ.

ಸ್ಯಾನಿಟೈಸರ್, ಸ್ಪಿರಿಟ್, ಗಾಜು ಒರೆಸುವ ಸ್ಪ್ರೇ ಯಾವುದೂ ಬೇಡ. ಆಲ್ಕೋಹಾಲಿನಲ್ಲಿ ಅರಗು ಕರಗುತ್ತದೆ. ಒಂದೇ ಸಲ ಒರೆಸಿದರೂ ಹೊಳಪು ಹೋಗಿ ಬಟ್ಟೆಗೆ ಬಣ್ಣ ಹತ್ತುತ್ತದೆ. ನೀರು ನಿಂತರೆ ಬಿಳಿ ಕಲೆ. ಒಣಗಿದ ಹಳೇ ಮಲ್ ಬಟ್ಟೆ, ಸಂದಿಗಳಿಗೆ ಮೆತ್ತನೆ ಬ್ರಷ್, ಇಷ್ಟು ಸಾಕು.

ಎತ್ತಿಡುವಾಗ ನ್ಯೂಸ್‌ಪೇಪರ್ ಸುತ್ತಬೇಡಿ, ಶಾಯಿ ಇಳಿಯುತ್ತದೆ. ಪ್ಲಾಸ್ಟಿಕ್ ಸೆಕೆಗಾಲದಲ್ಲಿ ಮೈಗೆ ಅಂಟಿಕೊಳ್ಳುತ್ತದೆ. ಒಂದೊಂದನ್ನೂ ಬೇರೆ ಬೇರೆ ಕಾಟನ್ ಬಟ್ಟೆಯಲ್ಲಿ ಸುತ್ತಿ.

ಕೈಕಾಲು ಸಡಿಲವಾದರೆ ಹಳೇ ಗೋಂದನ್ನು ಪೂರ್ತಿ ಕೆರೆದು, ಬೆಂಕಿಕಡ್ಡಿ ತುದಿಯಲ್ಲಿ ಫೆವಿಕಾಲ್ ತೆಳ್ಳಗೆ ಹಚ್ಚಿ. ಹೊರಗೆ ಉಕ್ಕಿದ್ದನ್ನು ತಕ್ಷಣ ಒರೆಸಿ, ಬಟ್ಟೆಪಟ್ಟಿ ಕಟ್ಟಿ 24 ಗಂಟೆ ಬಿಡಿ. ರಬ್ಬರ್‌ಬ್ಯಾಂಡ್ ಹಾಕಿದರೆ ಅದರ ಗುರುತು ಅರಗಿನ ಮೇಲೆ ಉಳಿದುಬಿಡುತ್ತದೆ.

ಗುಂಡುಸೂಜಿಯಷ್ಟು ತೂತು ಕಂಡರೆ ಗೊಂಬೆಯನ್ನು ಬೇರೆ ಮಾಡಿ, ಕಪ್ಪು ಕಾಗದದ ಮೇಲೆ ಒಂದು ವಾರ ಇಡಿ. ಹೊಸ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ. ಸೀಮೆಎಣ್ಣೆ ಆಧಾರಿತ ಹುಳುನಾಶಕವನ್ನು ಸಿರಿಂಜಿನಿಂದ ತೂತಿನೊಳಕ್ಕೆ ಮಾತ್ರ ಬಿಡಿ, ಮಕ್ಕಳ ಕೈಗೆ ಆ ಗೊಂಬೆ ಮತ್ತೆ ಕೊಡಬೇಡಿ.